ಹೊಸ್ತಿಲಿಲ್ಲದ ಗಾಡಿ

ನೇಸರಗಿ
ರವಿವಾರ, ೮ ಡಿಸೆಂಬರ್ ೨೦೨೪

ಚಿ. ನೀಲಾಗೆ,

ನಿನ್ನ ಅಕ್ಕ ರಾಜೇಶ್ವರಿ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಕೇಳೋಣವೆಂದರೆ ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ಕಾಗದ ಹಿಡಿದೆ. ಇದಾದರೆ ರಿಂಗಾಗಿ ರಿಂಗಾಗಿ ನಿಂತುಹೋಗುವುದಿಲ್ಲ. ತಡವಾಯಿತೆಂದು ಸಿಟ್ಟಾಗಬೇಡ. ಮೇಲಿನ ಒಂದು ಸಾಲಿಗೇ ಎಷ್ಟೋ ಹಾಳೆ ಹರಿದಿದ್ದೇನೆ. ನಿನ್ನ ಹೆಸರಿಗೆ ಮೊದಲು 'ಚಿ. ಸೌ.' ಎಂದು ಬರೆದೇ ರೂಢಿಯಾದ ಕೈ ಇದು. ಶ್ರಾವಣದಲ್ಲಿ ನಿನ್ನ ಯಜಮಾನರು ನಿಂಗರಾಜರು ಹೋದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ. ಆ 'ಸೌ.' ಬರೆಯದೆ ಬಿಡುವಾಗ ಪೆನ್ನು ಕೈಯಲ್ಲೇ ನಿಂತುಬಿಡುತ್ತಿತ್ತು, ಏನು ಮಾಡಲಿ.

ಇರಲಿ. ಈಗ ಸುದ್ದಿ ಕೇಳು. ನಿನ್ನ ಮಾಮಾ, ಅದೇ ನನ್ನ ಯಜಮಾನರು ಕಲ್ಮೇಶಪ್ಪನವರು, ಟೆಂಪೋದಲ್ಲಿ ಮಕ್ಕಳನ್ನು ಸಾಲಿಗೆ ಕರೆದೊಯ್ಯುವ ಕೆಲಸ ಬಿಟ್ಟರು. ಹಳೇ ಟೆಂಪೋ ಅಂಗಳದಲ್ಲಿ ಕೋಳಿಗಳ ಪಾಲಾಗುತ್ತಿತ್ತು. ಅಷ್ಟರಲ್ಲಿ ಅವರಿಗೆ ಮೊಬೈಲಿನಲ್ಲಿ ಅಮೆರಿಕದವರ ವಿಡಿಯೋ ನೋಡುವ ಹುಚ್ಚು ಹತ್ತಿತು. ಆ ಜನ ಮನೆಯಂಥ ಗಾಡಿ ಹೊಡೆದುಕೊಂಡು ಹೋಗಿ ಮರಳುಗಾಡಿನ ಕೆಂಪು ಬಂಡೆಗಳ ನಡುವೆ ನಿಲ್ಲಿಸುತ್ತಾರೆ. ಅಲ್ಲೇ ಅಡುಗೆ, ಅಲ್ಲೇ ನಿದ್ದೆ. "ನೋಡ, ನೋಡ, ಮನಿ ಒಳಗ ಕುಂತ ಊರ ತಿರಗತಾರ" ಎಂದು ನನ್ನ ಮುಖಕ್ಕೇ ಮೊಬೈಲು ಹಿಡಿಯುತ್ತಿದ್ದರು. ನಾನು ಬಂಡೆ ನೋಡಿದೆ. ನನಗೆ ಅಮೆರಿಕ ಕಾಣಲಿಲ್ಲ, ರಾಮದುರ್ಗದ ಆಚೆಯ ನಮ್ಮ ಕೆಂಪು ಕಲ್ಲಿನ ಗುಡ್ಡ ಕಂಡಿತು. ಅಪ್ಪ ಹಾಸುಗಲ್ಲು ತರಲು ಎತ್ತಿನ ಚಕ್ಕಡಿ ಕಟ್ಟಿಕೊಂಡು ಹೋದಾಗ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೋಗಿದ್ದನಲ್ಲ. ಚಕ್ಕಡಿಯ ಕೆಳಗೆ ಹಾಸಿಕೊಂಡು ಮಲಗಿದ್ದೆವು. ಮರುದಿನ ನೀನು ಬಂಡೆಯ ಮೇಲೆ ಹತ್ತಿ ಕೂತು, ಎಷ್ಟು ಕರೆದರೂ ಇಳಿಯಲೊಲ್ಲೆ ಎಂದು ಹಟ ಹಿಡಿದೆ. ಆ ಹಟದ ನೀಲಾ ಈಗ ಸಿರಸಂಗಿಯ ಅತ್ತೆಮನೆಯಲ್ಲಿ ನಡುಮನೆಯ ಮೂಲೆ ಬಿಟ್ಟು ಏಳುವುದಿಲ್ಲವೆಂದು ಕೇಳಿದೆ. ಆಗಲೇ ನಿಶ್ಚಯ ಮಾಡಿದೆ: ಟೆಂಪೋವನ್ನು ಮನೆ ಮಾಡುವುದು, ನಿನ್ನನ್ನು ಆ ಬಂಡೆಗಳಿಗೆ ಕರೆದೊಯ್ಯುವುದು.

ಬಡಿಗೇರ ಶಟ್ಟೆಪ್ಪನನ್ನು ಕರೆಸಿದೆವು. ಎರಡು ಬದಿಗೆ ಎರಡು ಮಂಚ, ಒಲೆಗೆ ಕಟ್ಟೆ, ಮೇಲೆ ನೀರಿನ ಟಾಕಿ. ಎಲ್ಲ ಚೆಂದ ಮಾಡಿದ. ಆದರೆ ಬಾಗಿಲಿಗೆ ಹೊಸ್ತಿಲು ಬೇಡವೆಂದರೆ ಕೇಳಲಿಲ್ಲ. "ಹೊಸ್ತಲಾ ಇಲ್ಲದ ಬಾಗಲಾ ನನ್ನ ಕೈಲೆ ಆಗೂದಿಲ್ರಿ ಅಕ್ಕಾರ" ಎಂದು ಒಳ್ಳೆ ಸಾಗವಾನಿಯ ಹೊಸ್ತಿಲು ಕೂರಿಸಿಯೇ ಬಿಟ್ಟ. ಹೊಸ್ತಿಲು ಬಂದ ಮೇಲೆ ಪೂಜೆ ಬಿಡಲಾದೀತೇ? ಪೂಜೆ ಎಂದ ಮೇಲೆ ಹಾಲು ಉಕ್ಕಿಸುವುದು ಬಿಡಲಾದೀತೇ? ಹೀಗೆ ಒಂದಕ್ಕೊಂದು ಸೇರಿ ಟೆಂಪೋಗೆ ಗೃಹಪ್ರವೇಶವೇ ಆಗಿಹೋಯಿತು! ಹಾಲು ಉಕ್ಕಿ ಹೊಸ ರೆಕ್ಸಿನ್ ಮೇಲೆಲ್ಲ ಹರಿಯಿತು. ಆಕಳನ್ನು ಒಳಗೆ ಹತ್ತಿಸಲು ಹೋದರೆ ಅದು ಕುತ್ತಿಗೆ ಮಾತ್ರ ಒಳಗೆ ಹಾಕಿ, ಮಾವಿನ ತೋರಣ ತಿಂದು ಹಿಂದೆ ಸರಿಯಿತು. ಓಣಿಯವರೆಲ್ಲ ನಕ್ಕು ನಕ್ಕು ಸುಸ್ತಾದರು. ನೀನಿದ್ದರೆ ಎಷ್ಟು ನಗುತ್ತಿದ್ದೆಯೋ.

ಆ ಗೃಹಪ್ರವೇಶದ ಫೋಟೋ ನಿಮ್ಮ ಮನೆಯವರೆಗೂ ಬಂತಂತೆ. ನಿನ್ನನ್ನು ಕಳಿಸಿಕೊಡಿ ಎಂದು ನಿಮ್ಮ ಅತ್ತೆ ರಾಚವ್ವನವರಿಗೆ ಫೋನ್ ಮಾಡಿದರೆ ಅವರು ಅದನ್ನೇ ತೆಗೆದರು. "ಹೊಸ್ತಲಾ ಪೂಜಿ ಮಾಡೀರಿ, ಹಾಲ ಉಕ್ಕಿಸೀರಿ. ಮನಿ ಆತಲ್ಲವಾ ಅದು. ವರ್ಷ ತುಂಬೂತನಕ ನಮ್ಮ ಸೊಸಿ ಬ್ಯಾರೆಯವರ ಮನ್ಯಾಗ ರಾತ್ರಿ ವಸ್ತಿ ಮಾಡಬಾರದು" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಮಗನನ್ನು ಕಳೆದುಕೊಂಡವರಿಗೆ ಸಿಟ್ಟಾಗುವ ಶಕ್ತಿಯಾದರೂ ಎಲ್ಲಿಂದ ಬರಬೇಕು. ನಾನೂ ವಾದ ಮಾಡಲಿಲ್ಲ. ಆದರೆ ವರ್ಷ ತುಂಬುವವರೆಗೆ ಕಾಯಲು ತಯಾರಿಲ್ಲ. ಶಿವರಾತ್ರಿ ಕಳೆದರೆ ಬಿಸಿಲಿಗೆ ಆ ಬಂಡೆಗಳ ಮೇಲೆ ಕಾಲಿಡಲಾಗದು, ಅದಾದ ಮೇಲೆ ಮಳೆ. ಹೋಗುವುದಾದರೆ ಈ ಚಳಿಯಲ್ಲೇ.

"ಅತ್ತೀ, ಹೊಸ್ತಲಾ ಕಿತ್ತರ?" ಎಂದು ಕೇಳಿದೆ.

"ಹೊಸ್ತಲಾ ಇಲ್ಲಂದ್ರ ಮನಿ ಹ್ಯಾಂಗಾತು? ಗಾಡಿ ಆತು. ಗಾಡ್ಯಾಗ ಮಲಗಾಕ ನಾ ಯಾಕ ಬ್ಯಾಡ ಅನ್ನಲಿ, ರಾಜವ್ವಾ" ಎಂದರು. ಫೋನಿಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು: "ಆದರ ಮೊದಲ ಅಕಿ ಹೂಂ ಅನ್ನಬೇಕಲ್ಲ. ನಮ್ಮ ಜೋಡಿನೂ ಮಾತಿಲ್ಲ ಅಕಿದು."

ಹಾರೆ ತೆಗೆದುಕೊಂಡು ನಾನೇ ಹೋದೆ. "ಏ, ಸಾಗವಾನಿ ಐತದು!" ಎಂದು ನಿನ್ನ ಮಾಮಾ ಕೂಗಿದರು. ಶಟ್ಟೆಪ್ಪನಂತೂ ಸುದ್ದಿ ಕೇಳಿ ಓಡಿಬಂದ. "ಪೂಜಿ ಆದ ಹೊಸ್ತಲಾ ಕೀಳಬಾರದ್ರಿ ಅಕ್ಕಾರ, ಕೆಟ್ಟಾಗತೈತಿ" ಎಂದ. ಆಗಬೇಕಾದ ಕೆಟ್ಟದ್ದು ಈ ವರ್ಷ ಆಗಿಹೋಗಿದೆ ಶಟ್ಟೆಪ್ಪ, ಇನ್ನೇನು ಆಗುತ್ತದೆ ಎಂದೆ. ಹೊಸ್ತಿಲಿಗೆ ಕೈಮುಗಿದು, ತಪ್ಪಾಯಿತು ತಾಯಿ ಎಂದು ಹೇಳಿ ಹಾರೆ ಹಾಕಿದೆ. ಪುಣ್ಯಾತ್ಮ ಎಷ್ಟು ಗಟ್ಟಿ ಕೂರಿಸಿದ್ದನೆಂದರೆ, ಅದು ಎದ್ದು ಬರುವಷ್ಟರಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಕೊನೆಗೆ ಶಟ್ಟೆಪ್ಪನಿಗೇ ಮನಸ್ಸು ಕರಗಿ, ಧೂಳು ಬರದಂತೆ ಸಂದಿಗೆ ಒಂದು ರಬ್ಬರ್ ಪಟ್ಟಿ ಬಡಿದುಕೊಟ್ಟ. ಸಿರಸಂಗಿಯವರು ಕೇಳಿದರೆ ಪಟ್ಟಿ ಅಂತಲೇ ಹೇಳಿ ಎಂದು ಒತ್ತಿ ಒತ್ತಿ ಹೇಳಿ ಹೋಗಿದ್ದಾನೆ.

ಬರುವ ರವಿವಾರ ಬೆಳಿಗ್ಗೆ ನಿಮ್ಮ ಮನೆ ಮುಂದೆ ಗಾಡಿ ನಿಲ್ಲಿಸುತ್ತೇನೆ. ನಾನೇ ಓಡಿಸಿಕೊಂಡು ಬರುತ್ತೇನೆ, ಹೆದರಬೇಡ. ಕಿತ್ತೂರಿನವರೆಗೆ ಹೋಗಿ ಬಂದು ಕೈ ಪಳಗಿಸಿಕೊಂಡಿದ್ದೇನೆ. ಗಾಲಿ ಬದಲಿಸುವುದನ್ನೂ ಕಲಿತೆ. ನಿನ್ನ ಮಾಮಾ ಬರುವುದಿಲ್ಲ, ನಾವಿಬ್ಬರೇ. ಮುಖ ಉಬ್ಬಿಸಿಕೊಂಡು ಕೂತಿದ್ದಾರೆ, ಇರಲಿ. ನೀನು ಹೊರಗೆ ಬರದಿದ್ದರೆ ನಾನು ವಾಪಸ್ ಹೋಗುವವಳಲ್ಲ. ಅಲ್ಲೇ ಬೇವಿನ ಮರದ ಕೆಳಗೆ ರೊಟ್ಟಿ ಬಡಿದುಕೊಂಡು ಇರುತ್ತೇನೆ. ಸಿಲಿಂಡರ್ ತುಂಬಿಸಿದೆ, ಜೋಳದ ಹಿಟ್ಟು ಬೇಕಾದಷ್ಟಿದೆ. ಓಣಿಯವರು ಬಂದು ಏನೆಂದು ಕೇಳಿದರೆ, ತಂಗಿಗಾಗಿ ಕಾಯುತ್ತಿದ್ದೇನೆ ಎನ್ನುತ್ತೇನೆ.

ದೊಡ್ಡ ಸ್ವೆಟರ್ ತಗೊ, ಬಂಡೆಗಳ ಮೇಲೆ ಗಾಳಿ ಬಹಳ. ರಾಚವ್ವನವರಿಗೆ ನನ್ನ ಶರಣು ತಿಳಿಸು. ಶಿವ ನಿನಗೆ ಎದ್ದು ನಿಲ್ಲುವ ಬಲ ಕೊಡಲಿ. ಮಿಕ್ಕದ್ದು ನನಗೆ ಬಿಡು.

ನಿನ್ನ ಅಕ್ಕ,
ರಾಜೇಶ್ವರಿ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿಂಗರಾಜರು ತೀರಿದ ಮೇಲೆ ಮಾಡಿದ ಶಿವಗಣಾರಾಧನೆಯ ದಿನ ಅಡುಗೆಮನೆಯಲ್ಲಿ ನೀನು ಅಂದದ್ದನ್ನು ನಾನು ಯಾರಿಗೂ ಹೇಳಿಲ್ಲ, ನಿನ್ನ ಮಾಮಾಗೂ ಇಲ್ಲ. "ನಿನ್ನ ಹಣಿಮ್ಯಾಗಿನ ಕುಂಕುಮ ನನ್ನ ಕಣ್ಣಿಗೆ ಚುಚ್ಚತೈತಿ ಅಕ್ಕಾ. ಇನ್ನ ನನ್ನ ಎದರಿಗೆ ಬರಬ್ಯಾಡ." ನೋವಾಯಿತು ನೀಲಾ. ಈಗಲೂ ಆಗುತ್ತದೆ. ಕುಂಕುಮ ಅಳಿಸಿಕೊಂಡು ಬರೋಣವೆಂದರೆ ನಿನ್ನ ಮಾಮಾ ಇದ್ದಾರೆ, ಅದು ನನ್ನಿಂದಾಗದು. ನಿನ್ನನ್ನು ಬಿಟ್ಟು ಇರುವುದೂ ಆಗದು. ಅದಕ್ಕೇ ಗಾಡಿ ನಾನು ಓಡಿಸುತ್ತಿರುವುದು. ನೀನು ಪಕ್ಕದ ಸೀಟಿನಲ್ಲಿ ಕೂತು ರಸ್ತೆ ನೋಡು, ನಾನೂ ರಸ್ತೆಯನ್ನೇ ನೋಡುತ್ತಿರುತ್ತೇನೆ. ನನ್ನ ಮುಖ ನೋಡುವ ಕೆಲಸವೇ ನಿನಗಿಲ್ಲ.