ಏಳನೆಯ ಮಣಿ ಹುಲಿಗೆವ್ವ

ಹಾಳೆಶಕೆ ತೊಂಬತ್ತಾರು, ಹದಿಮೂರನೇ ತಿಂಗಳು
ಕಲ್ಲಗಂಟಿ, ಮುಂಡರಗಿ ಸೀಮೆ

ನೂರಿಪ್ಪತ್ತೈದು ವರ್ಷ ಹಿಂದಿರುವ ಅಕ್ಕ-ಅಣ್ಣಂದಿರಿಗೆ,

ನಿಮ್ಮ ಪಂಚಾಂಗದಲ್ಲಿಲ್ಲದ, ಮೊದಲ ದಾಟುಹಾಳೆ ಹಾಕಿದ ವರ್ಷದಿಂದ ಎಣಿಸುವ ತಾರೀಖು ಹಾಕಿದ್ದೇನೆ, ನಿಮಗೆ ಗೊತ್ತಿಲ್ಲದ ಪದಗಳನ್ನೂ ಬರೆಯುತ್ತೇನೆ. ಕ್ಷಮಿಸಿ. ನೀವು ನಮಗೆ ಬಿಟ್ಟುಹೋದದ್ದು ಫ್ಲೋರೈಡ್ ನೀರು. ಅದರ ಮುಂದೆ ನಾಲ್ಕು ವಿಚಿತ್ರ ಪದ ಹೆಚ್ಚೇನಲ್ಲ.

ದಾಟುಹಾಳೆ ಅಂದರೆ ಈರುಳ್ಳಿಯ ಒಳಪೊರೆಗಿಂತ ತೆಳ್ಳಗಿನ ಪೊರೆ. ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ಆ ತೂತುಗಳನ್ನು ನಾವೇ ಪೆಪ್ಟೈಡಿನಿಂದ ಕಟ್ಟುತ್ತೇವೆ. ಪೆಪ್ಟೈಡ್ ಎಂದರೆ ಗೊತ್ತಾದ ಕ್ರಮದಲ್ಲಿ ಪೋಣಿಸಿದ ಇಪ್ಪತ್ತೊಂದು ಅಮೈನೋ ಆಮ್ಲದ ಮಣಿಗಳ ಸರ. ಬೋರಿನ ನೀರಿಗೆ ಸಣ್ಣ ಕರೆಂಟು ಹರಿಸಿದರೆ ಫ್ಲೋರೈಡ್ ಅಯಾನು ಮಾತ್ರ ತೂತಿನಲ್ಲಿ ನುಸುಳಿ ಆಚೆ ದಾಟುತ್ತದೆ. ಈಚೆ ಉಳಿದದ್ದು ಕುಡಿಯುವ ನೀರು. ಒಂದು ಮಣಿ ತಪ್ಪಿದರೂ ತೂತು ಮುಚ್ಚಿಕೊಳ್ಳುತ್ತದೆ, ಫ್ಲೋರೈಡ್ ನೀರಲ್ಲೇ ಉಳಿಯುತ್ತದೆ.

ಯಾವ ಕಂಪನಿಯೂ ಈ ಕ್ರಮವನ್ನು ತನ್ನದೆನ್ನಬಾರದೆಂದು ನಮ್ಮ ಹೆಂಗಸರು ಅದನ್ನು ಹಾಡು ಕಟ್ಟಿ ಊರೂರಿಗೆ ಬಿಟ್ಟರು. ನೀರಿಗಾಗಿ ಮೂರು ತಿಂಗಳು ರಸ್ತೆಯಲ್ಲಿ ಕೂತ ಇಪ್ಪತ್ತೊಂದು ಹೆಂಗಸರ ಹೆಸರನ್ನೇ ಮಣಿಗಳಿಗೆ ಇಟ್ಟರು. ಮೊದಲನೆಯದು ಫಕೀರವ್ವ, ಎರಡನೆಯದು ಚಾಂದಬಿ. ಏಳನೆಯದು ಹುಲಿಗೆವ್ವ, ಮಾದಿಗರ ಕೇರಿಯವಳು, ನನ್ನ ಮುತ್ತಜ್ಜಿ. ಹಾಡಿನ ಕ್ರಮದಲ್ಲೇ ಮಣಿ ಪೋಣಿಸುತ್ತಿದ್ದ ಹಾಳೆಮನೆಯ ಆ ಬೆಳಗುಗಳು ಇನ್ನೂ ಕಣ್ಣಲ್ಲಿವೆ. ಹಾಳೆ ನೆನೆಹಾಕಿದ ತಟ್ಟೆಗಳ ಹುಳಿ ವಾಸನೆ, ಎಲೆ ಅಡಿಕೆ ಮೆಲ್ಲುತ್ತ ಒಟ್ಟಿಗೆ ಹಾಡುವ ಮೂವತ್ತು ಗಂಟಲು, ಹಳೇ ಫ್ಲೋರೈಡ್ ನೀರಿಗೆ ಬೆನ್ನು ಬಾಗಿ ನೆಲ ನೋಡುತ್ತಲೇ ಕೂತ ಮುತ್ತಜ್ಜಿ. ರಾಗ ತಪ್ಪಿದರೆ ಸುಮ್ಮನಿರುತ್ತಿದ್ದಳು. ಹೆಸರು ತಪ್ಪಿದರೆ ನಮ್ಮ ತೊಡೆ ಚಿವುಟುತ್ತಿದ್ದಳು. ಎಪ್ಪತ್ತು ತುಂಬಿದ ನನಗೆ ಆ ಚಿವುಟು ಈಗಲೂ ಬೇಕೆನಿಸುತ್ತದೆ.

ನಾನು ಹುಟ್ಟುವ ಮೊದಲು ಪಕ್ಕದ ಊರಿನ ಗೌಡರ ಓಣಿಯವರೂ ಹಾಡು ಕಲಿತು ಹಾಳೆ ಹಾಕಿದ್ದರು. ನಾಲ್ಕು ವರ್ಷ ಕಳೆದರೂ ಅವರ ಮಕ್ಕಳಿಗೆ ಹುಟ್ಟುವ ಹಲ್ಲೆಲ್ಲ ಕಂದು. ಹಾಳೆ ಹೊತ್ತುಕೊಂಡು ಜಗಳಕ್ಕೆ ಬಂದರು. ಮುತ್ತಜ್ಜಿ ಹಾಡಿ ತೋರಿಸಲು ಹೇಳಿದಳು. ಆರನೆಯ ಹೆಸರಿನಿಂದ ನೇರ ಎಂಟನೆಯದಕ್ಕೆ ಹಾರಿದರು. ಕೇರಿಯವಳ ಹೆಸರನ್ನು ಬಾಯಲ್ಲಿ ಆಡಲು ಅವರಿಗೆ ಮೈಲಿಗೆ!

“ಏ ಗೌಡ್ರ, ತೂತಿಗೂ ಜಾತಿ ಹಚ್ಚಿದ್ರೇನು? ನನ್ನ ಹೆಸರ ತಗೊಂಡ್ರ ಹಲ್ಲು ಉದರೂದಿಲ್ರೀ, ತಗೊಳ್ಳಲಾರದಕ್ಕ ಹಿಂಗ ಆಗ್ಯಾವ!” ಅಂದಳಂತೆ. ಅಂದು ನಡುಬೀದಿಯಲ್ಲಿ ನಿಂತು ಗೌಡರು ಇಪ್ಪತ್ತೊಂದೂ ಹೆಸರು ಹಾಡಿದರು.

ಮುಂದಿನ ತಿಂಗಳು ಹಾಳೆಮನೆಗೆ ಬೀಗ. ಇನ್ನು ಯಂತ್ರ ಪೋಣಿಸುತ್ತದೆ, ಮಣಿಗಳಿಗೆ ನಂಬರು. ನೀರು ಚೊಕ್ಕಟವಾಗಿಯೇ ಬರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗೌಡರ ಬಾಯಿ ತೆರೆಸಿದ್ದು ಮಕ್ಕಳ ಹಲ್ಲಿನ ಭಯ. ಭಯ ಹೋದ ಮೇಲೆ ಆ ಹೆಸರನ್ನು ಯಾರು ಬಾಯಲ್ಲಿ ಆಡುತ್ತಾರೆ?

ಅದಕ್ಕೇ ನಿಮಗೆ ಬರೆದೆ. ಹುಲಿಗೆವ್ವ ಈಗ ನಿಮ್ಮ ಕಾಲದಲ್ಲಿದ್ದಾಳೆ. ಇಪ್ಪತ್ತರ ಹೆಣ್ಣು, ಬೆನ್ನು ಇನ್ನೂ ನೆಟ್ಟಗಿದೆ. ಕಲ್ಲಗಂಟಿಯ ಕೇರಿ, ಎಡಕ್ಕೆ ಮೂರನೇ ಮನೆ. ಹೋಗಿ. ಹೆಸರು ಹಿಡಿದು ಕರೆಯಿರಿ. ಕುಡಿಯಲು ನೀರು ಕೇಳಿ. ಆ ನೀರಲ್ಲಿ ಫ್ಲೋರೈಡ್ ಇದೆ, ಗೊತ್ತು; ಒಂದು ಚರಿಗೆಗೆ ಯಾರೂ ಸಾಯುವುದಿಲ್ಲ. ಅವಳ ಎದುರಿಗೇ ಕುಡಿಯಿರಿ.

ಅವಳ ಮರಿಮಗಳು,
ಸಾವಂತ್ರವ್ವ