ಕರಿನೀರಿನಾಚೆ ಬದುಕಿದ್ದ ಅಜ್ಜ

ನಾಗಪುರ, ೧೯೯೮

ಅಪ್ಪಾ,

ನೀವಿರಬೇಕಿತ್ತು. ಕರಿನೀರಿನ ಶಿಕ್ಷೆಗೆ ಹೋದ ನಿಮ್ಮ ಅಜ್ಜ ಸ್ವಾಮಿರಾಯರ ಸುದ್ದಿ ಕೊನೆಗೂ ಸಿಕ್ಕಿತು. ಅವರ ಮೊಮ್ಮಗಳು ಕಮಲಾವತಿ ಇವತ್ತು ಅಂಡಮಾನಿನಿಂದ ಮಹಾಲ್ ಪೇಟೆಯ ನಮ್ಮ ಮನೆಗೆ ಬಂದಿದ್ದರು.

ಅಜ್ಜ ಹಡಗಿನಲ್ಲೇ ಸತ್ತರೆಂಬುದು ಸುಳ್ಳು. ಬಿಡುಗಡೆಯಾದ ಮೇಲೆ ಅಲ್ಲೇ ಮದುವೆಯಾಗಿ, ತೆಂಗು ಬೆಳೆಸಿಕೊಂಡು ಮುಪ್ಪಿನವರೆಗೂ ಬಾಳಿದರಂತೆ. ಮಗಳಿಗೆ ತುಂಗಾ ಎಂದು ಹೆಸರಿಟ್ಟಿದ್ದರಂತೆ. ಅದು ಇಲ್ಲಿ ಬಿಟ್ಟುಹೋದ ಹೆಂಡತಿಯ ಹೆಸರು; ಎಳೆಯ ವಯಸ್ಸಿಗೇ ಕುಂಕುಮ ಅಳಿಸಿಕೊಂಡು, ಮುಂದೆ ತಬ್ಬಲಿಯಾದ ನಿಮ್ಮನ್ನು ಸಾಕಿದ ಅಜ್ಜಿಯ ಹೆಸರು.

“ಅಜ್ಜಿ ಅವರನ್ನು ನೆನೆಸುತ್ತಿದ್ದರೇ?” ಕಮಲಾವತಿ ಹಿಂದಿಯಲ್ಲಿ ಕೇಳಿದರು.

ಅಮ್ಮ ನನ್ನ ಕಡೆ ತಿರುಗಿದಳು. “ದಿನಾ ನೆನಸ್ತಿದ್ರು ಅಂತ ಹೇಳವ್ವಾ, ಪಾಪ.”

ಹೇಳಿದೆ. ಆಕೆ ಅತ್ತರು.

ಅಜ್ಜ ಅಲ್ಲಿ ಬದುಕಿದ್ದಾಗಲೇ, ಇಲ್ಲಿ ಪ್ರತಿವರ್ಷ ನಿಮ್ಮ ಪುಟ್ಟ ಕೈಯಿಂದ ಅಜ್ಜಿ ಮಾಡಿಸುತ್ತಿದ್ದ ಅವರ ಶ್ರಾದ್ಧದ ಮಾತನ್ನು ಮಾತ್ರ ಅಮ್ಮನೂ ನಾನೂ ಎತ್ತಲಿಲ್ಲ.