ಕಬ್ಬಿನ ನಡುವಿನ ಸೋಯಾ ನಿಮ್ಮ ಕಂಪ್ಯೂಟರಿಗೆ ಕಾಣಲಿಲ್ಲ

ಮೊಬೈಲ್ ಮೂಲಕ ರೈತರ ಬದುಕು ಬದಲಿಸುವ ಹೊಣೆ ಹೊತ್ತಿರುವ ಮಾನ್ಯ ಯೋಜನಾ ನಿರ್ದೇಶಕರೇ,

ನಿಮ್ಮ ‘ಹೊಲದ ಗೆಳೆಯ’ ಸಲಹಾ ಸೇವೆ ನನ್ನ ಸೋಯಾ ಬೆಳೆಯನ್ನು ಕೊಂದಿದೆ. ಕೊಂದದ್ದು ಸಾಲದೆಂದು ನನ್ನ ಗಂಡನನ್ನು ಚಿಕ್ಕೋಡಿಗೆ ಕರೆಸಿ ಶಾಲು ಹೊದಿಸಿ, ಅವರ ಫೋಟೊವನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿದೆ. ಬೆಳೆ ಹೋದದ್ದನ್ನು ತಪ್ಪು ತಿಳಿವಳಿಕೆ ಎಂದು ನುಂಗಿಕೊಳ್ಳಬಹುದಿತ್ತು. ಆ ಕರಪತ್ರ ಕೈಗೆ ಬಂದಾಗ ಮಾತ್ರ ನನಗೆ ಹೇಸಿಗೆಯಾಯಿತು. ಸಿಟ್ಟಾಗಿದ್ದರೆ ಎರಡು ದಿನದಲ್ಲಿ ಇಳಿಯುತ್ತಿತ್ತು. ಹೇಸಿಗೆ ಇಳಿಯಲಿಲ್ಲ, ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಹೆಸರು ಕಾಂಚನ. ಬೋರಗಾಂವದವಳು. ನಿಪ್ಪಾಣಿಯಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಬಂದಮೇಲೆ ಒಕ್ಕಲುತನ ಕಲಿತವಳು. ನನ್ನ ಗಂಡ ಲಖನ ಇಲ್ಲಿನ ಪವರ್‌ಲೂಮ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಮಗ್ಗದ ನೂಲು ಎಲ್ಲಿ ಹರಿಯಿತೆಂದು ಅವರಿಗೆ ಶಬ್ದದಲ್ಲೇ ಗೊತ್ತಾಗುತ್ತದೆ. ಆದರೆ ಹೊಲಕ್ಕೆ ಯಾವಾಗ ನೀರು ಬಿಡಬೇಕೆಂದು ನನ್ನನ್ನು ಕೇಳುತ್ತಾರೆ. ಮಾವ ತೀರಿಕೊಂಡ ಮೇಲೆ ಜಮೀನು ಲಖನರ ಹೆಸರಿಗಾಯಿತು, ದುಡಿಮೆ ನನ್ನ ಮತ್ತು ಅತ್ತೆ ಶೇವಂತಾಬಾಯಿಯವರ ಪಾಲಿಗೆ ಬಂತು. ಇದರಲ್ಲಿ ನನಗೆ ದುಃಖವೇನಿಲ್ಲ. ಆ ಹೊಲ ನನಗೆ ಇಷ್ಟ.

ಈ ವರ್ಷ, 2016ರ ಮುಂಗಾರಿಗೆ ಕಬ್ಬು ಹಚ್ಚಿದೆವು. ಸಾಲಿನ ನಡುವೆ ಸೋಯಾ ಬಿತ್ತಿದೆವು. ನಮ್ಮ ಭಾಗದಲ್ಲಿ ಇದು ಎಲ್ಲರೂ ಮಾಡುವ ಕೆಲಸ: ಕಬ್ಬು ಎತ್ತರಕ್ಕೆ ಏಳುವುದರೊಳಗೆ ಸೋಯಾ ಕೈಗೆ ಬರುತ್ತದೆ. ಕಬ್ಬಿನ ಹಣ ವರ್ಷ ಕಳೆದ ಮೇಲೆ ಗಂಡನ ಖಾತೆಗೆ ಬೀಳುತ್ತದೆ. ಸೋಯಾವನ್ನು ನಾನೇ ನಿಪ್ಪಾಣಿ ಪೇಟೆಗೆ ಒಯ್ದು ಮಾರುತ್ತೇನೆ. ಆ ಹಣ ನನ್ನ ಕೈಗೆ ಬರುತ್ತದೆ. ಈ ದೀಪಾವಳಿಗೆ ಅದರಿಂದ ಒಂದು ಎಮ್ಮೆ ತರಬೇಕೆಂದು ಅತ್ತೆಯೂ ನಾನೂ ಮಾತಾಡಿಕೊಂಡಿದ್ದೆವು. ಅತ್ತೆ ಅದನ್ನು ಕಟ್ಟುವ ಜಾಗಕ್ಕೆ ಕಲ್ಲು ಹಾಸಿ ಮುಗಿಸಿದ್ದರು.

ಮಳೆ ಹಿಡಿಯಿತು, ಕಸ ಎದ್ದಿತು. ಕಸ ತೆಗೆಯುವ ಹೆಂಗಸರೆಲ್ಲ ದೊಡ್ಡ ಹೊಲಗಳಿಗೆ ಹೋಗಿಬಿಟ್ಟಿದ್ದರು. ಅಷ್ಟರಲ್ಲಿ ಪಂಚಾಯತಿಯ ಗೋಡೆಯ ಮೇಲೆ ನಿಮ್ಮ ಸೇವೆಯ ನಂಬರು ಕಂಡಿತು. ಗಂಡನ ನಂಬರನ್ನು ನಿಮ್ಮವರು ಆಗಲೇ ಬರೆದುಕೊಂಡು ಹೋಗಿದ್ದರು. ನಾನು ಹೊಲದಲ್ಲಿ ನಿಂತು ನನ್ನ ಫೋನಿನಿಂದ ಕರೆ ಮಾಡಿ ಅವರ ಹೆಸರು, ಊರು ಹೇಳಿದೆ.

“ಹೊಲದಾಗ ಕಸ ಭಾಳ ಆಗೇತ್ರಿ. ಸೋಯಾಕ ಏನೂ ಆಗಬಾರದು, ಅಂಥಾ ಔಷಧ ಇದ್ರ ಹೇಳ್ರಿ,” ಎಂದೆ.

“ಕಸದ ಸಮಸ್ಯೆಗೆ ಗ್ರಾಮ ಪಂಚಾಯಿತಿಯನ್ನು ಸಂಪರ್ಕಿಸಿ ಮೇಡಂ,” ಎಂದಿತು ಆ ಕಡೆಯ ಗಂಡು ದನಿ.

ನಮ್ಮಲ್ಲಿ ಕಳೆಗೆ ಕಸ ಎನ್ನುತ್ತಾರೆಂಬುದು, ನಮ್ಮ ತಾಲ್ಲೂಕಿಗೆಂದೇ ನೀವು ಕೂರಿಸಿದ ಸಲಹೆಗಾರನಿಗೆ ಗೊತ್ತಿರಲಿಲ್ಲ. ಬಿಡಿಸಿ ಹೇಳಿದೆ. ಆಗ ಅವನು ಬೆಳೆ ಯಾವುದು ಎಂದು ಕೇಳಿದ.

“ಕಬ್ಬು ಐತ್ರಿ, ಅದರ ನಡುವ ಸೋಯಾ ಐತಿ.”

“ಒಂದೇ ಹೇಳಿ ಮೇಡಂ. ಎರಡು ತಗೊಳಲ್ಲ ಇದು.”

“ಎರಡೂ ಒಂದ ಹೊಲದಾಗ ಅದಾವ್ರಿ.”

ಸ್ವಲ್ಪ ಹೊತ್ತು ಕೀಲಿಮಣೆಯ ಟಕಟಕ ಕೇಳಿಸಿತು. “ಇಲ್ಲಿ ಕಬ್ಬು ಅಂತಿದೆ. ಯಜಮಾನರ ಹೆಸರಲ್ಲಿ ನೋಂದಣಿ ಆಗಿದೆ. ಅವರಿಗೆ ಫೋನ್ ಕೊಡಿ.”

“ಅವರು ಮಗ್ಗದ ಮ್ಯಾಲೆ ಅದಾರ್ರಿ. ಹೊಲಾ ನೋಡಕೋಳಾಕಿ ನಾನ.”

“ಸಲಹೆ ರೈತರಿಗೆ ಮಾತ್ರ ಕೊಡೋದು ಮೇಡಂ. ಅವರಿಗೇ ಕಾಲ್ ಮಾಡ್ತೀವಿ.” ಕರೆ ಕಟ್ಟಾಯಿತು.

ನಿರ್ದೇಶಕರೇ, ಆ ಹೊತ್ತಿನಲ್ಲಿ ನಾನು ಮೊಣಕಾಲುದ್ದದ ಕೆಸರಿನಲ್ಲಿ ನಿಂತಿದ್ದೆ. ರೈತರು ಯಾರು ಎಂಬುದನ್ನು ನಿಮ್ಮ ಇಲಾಖೆ ಯಾವ ಗುರುತಿನಿಂದ ನಿರ್ಧರಿಸುತ್ತದೆ? ಮೀಸೆಯಿಂದಲೋ, ಪಹಣಿಯಿಂದಲೋ? ಹಾಗಾದರೆ ಪಂಚಾಯತಿಯ ಗೋಡೆಯ ಮೇಲೆ ನಿಮ್ಮ ನಂಬರಿನ ಪಕ್ಕ ಕುಡುಗೋಲು ಹಿಡಿದ ಹೆಂಗಸಿನ ಚಿತ್ರವನ್ನೇಕೆ ಬರೆಸಿದಿರಿ? ಬಣ್ಣ ಮಿಕ್ಕಿತ್ತೆಂದೇ?

ಮಾತು ಕೊಟ್ಟಂತೆ ನಿಮ್ಮವರು ಲಖನರಿಗೆ ಕರೆ ಮಾಡಿದರು. ಮಗ್ಗಗಳ ಸದ್ದಿನಲ್ಲಿ ಅವರಿಗೆ ಕೇಳಿಸಿದ್ದು ‘ಕಬ್ಬು’ ಮತ್ತು ‘ಕಳೆ’ ಎಂಬ ಎರಡು ಪದ. ಹಿಂದೆಯೇ ಒಂದು ಸಂದೇಶ ಬಂತು: ನಿಮ್ಮ ಕಬ್ಬಿನಲ್ಲಿರುವ ಅಗಲ ಎಲೆಯ ಕಳೆಗೆ ಇಂಥ ಔಷಧ, ಸಿಂಪರಣೆ ಪಂಪಿಗೆ ಇಷ್ಟು. ಅದು ನನಗೆ ತಿಳಿಯುವ ಮೊದಲೇ, ಅದೇ ವಾರ ನಾನು ಅತ್ತೆಯೊಂದಿಗೆ ಐನಾಪುರದ ತವರಿಗೆ, ತಮ್ಮನ ಮಗಳಿಗೆ ಹೆಸರಿಡುವ ಕಾರ್ಯಕ್ಕೆ ಹೋಗಿದ್ದೆ. ಕಾರ್ಖಾನೆಗೆ ರಜೆ ಇದ್ದ ದಿನ ಲಖನ ಸಂದೇಶವನ್ನು ಅಂಗಡಿಯಲ್ಲಿ ತೋರಿಸಿ ಔಷಧ ತಂದರು, ಪಂಪು ಹೊತ್ತು ಇಡೀ ಹೊಲಕ್ಕೆ ಹೊಡೆದರು. ಹೆಂಡತಿ ಬರುವುದರೊಳಗೆ ಅವಳ ಕೆಲಸ ಹಗುರ ಮಾಡೋಣ ಎಂಬುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ಸೋಯಾಕ್ಕೂ ಅಗಲ ಎಲೆಯೇ ಎಂಬುದು ಅವರಿಗೆ ಹೊಳೆಯಲಿಲ್ಲ. ಸರಕಾರದ ಸಂದೇಶವನ್ನು ಅನುಮಾನಿಸುವುದು ಅವರಿಗೆ ರೂಢಿಯೂ ಇಲ್ಲ.

ನಾನು ಮರಳಿ ಬಂದು ಹೊಲಕ್ಕೆ ಹೋದಾಗ ಸೋಯಾದ ದಂಟುಗಳೆಲ್ಲ ತಿರುಚಿಕೊಂಡಿದ್ದವು. ಎಲೆಗಳು ಮುದುರಿ ಕೆಳಮುಖವಾಗಿದ್ದವು. ನಡುವೆ ಕಬ್ಬು ಮಾತ್ರ ಹಚ್ಚಗೆ ನಿಂತಿತ್ತು. ಔಷಧದ ತಪ್ಪೇನೂ ಇಲ್ಲ, ಅದು ತನಗೆ ಹೇಳಿದ ಕೆಲಸ ಮಾಡಿತ್ತು. ಬದುವಿನ ಮೇಲೆ ಲಖನ ಕೂತಿದ್ದರು.

“ಏನ್ ಮಾಡಿದ್ರಿ ಇದು?” ಎಂದೆ.

“ಅವರ ಹೇಳಿದ್ರು.”

“ನನ್ನ ಒಂದ್ ಮಾತ ಕೇಳಬಾರದಾಗಿತ್ತ?”

ಅವರು “ನಿನಗ ಕಸ ತಗಿಯೂದು ತಪ್ಪತೈತಿ ಅಂತ ಹೊಡದ್ನಿ, ಕಾಂಚನ,” ಎಂದರು. ಮರುದಿನ ಅತ್ತೆ ಮತ್ತು ನಾನು ಸತ್ತ ಗಿಡಗಳನ್ನು ಕಿತ್ತು ಬದುವಿಗೆ ಹಾಕಿದೆವು. ಅತ್ತೆ ಮಗನನ್ನು ಒಂದು ಮಾತೂ ಬಯ್ಯಲಿಲ್ಲ. ಎಮ್ಮೆಯ ಸುದ್ದಿಯನ್ನೂ ಎತ್ತಲಿಲ್ಲ.

ನಿಮ್ಮ ಸೇವೆಗೆ ದೂರು ಹೇಳಲು ಮತ್ತೆ ಕರೆ ಮಾಡಿದೆ. ಕೇಳಿಸಿಕೊಂಡ ಹುಡುಗಿ, “ಕಬ್ಬಿಗೆ ತೊಂದರೆ ಆಗಿದೆಯಾ?” ಎಂದು ಕೇಳಿದಳು. ಕಬ್ಬಿಗೆ ಆಗಿಲ್ಲ ಎಂದೆ. “ಹಾಗಾದರೆ ದೂರು ಬರಲ್ಲ ಮೇಡಂ,” ಎಂದಳು. ಸಂಜೆ ಲಖನರ ಮೊಬೈಲಿಗೆ ಸಂದೇಶ ಬಂತು: ನಿಮ್ಮ ಸಮಸ್ಯೆಯನ್ನು ತೃಪ್ತಿಕರವಾಗಿ ಬಗೆಹರಿಸಲಾಗಿದೆ.

ಇದಾದ ಮೇಲೆ ಬಂದದ್ದು ಚಿಕ್ಕೋಡಿಯ ಕಾರ್ಯಕ್ರಮದ ಆಹ್ವಾನ. ಲಖನರಿಗೆ ಹೋಗುವ ಮನಸ್ಸಿರಲಿಲ್ಲ. “ನಡೀರಿ, ನಾನೂ ಬರ್ತೀನಿ. ಎಲ್ಲಾರ ಮುಂದ ಆದದ್ದು ಆದಂಗ ಹೇಳ್ರಿ,” ಎಂದು ನಾನೇ ಹೊರಡಿಸಿದೆ. ವೇದಿಕೆಯ ಮೇಲೆ ಶಾಲು ಹೊದಿಸಿದವರು ನೀವೇ. ಮೈಕು ಹಿಡಿದು, “ಕಬ್ಬು ಹೇಗಿದೆ ಲಖನ ಅವರೇ?” ಎಂದು ಕೇಳಿದವರೂ ನೀವೇ.

“ಕಬ್ಬ ಛಲೋ ಐತ್ರಿ ಸಾಹೇಬ್ರ, ಆದ್ರ ಸೋಯಾ...”

“ಕೇಳಿದಿರಾ? ಕಬ್ಬು ಛಲೋ ಐತಿ!” ಎಂದು ನೀವು ನಮ್ಮದೇ ಮಾತಿನಲ್ಲಿ ಸಭೆಗೆ ಸಾರಿದಿರಿ. ಚಪ್ಪಾಳೆ ಬಿತ್ತು. ಮೈಕು ಮುಂದಿನವರ ಬಾಯಿಗೆ ಹೋಯಿತು. ನಾನು ಮೆಟ್ಟಿಲ ಬಳಿ ಬಂದಾಗ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ನಿಮ್ಮ ಸಿಬ್ಬಂದಿ ಕೈ ಅಡ್ಡ ಹಿಡಿದು, “ಫಲಾನುಭವಿಗಳು ಮಾತ್ರ,” ಎಂದರು. ಆ ಹೊಲದವಳು ನಾನೇ ಎಂದೆ. ಯಾದಿಯಲ್ಲಿ ಹೆಸರಿಲ್ಲ ಎಂದರು.

ಊರಿಗೆ ಮರಳುವ ಬಸ್ಸಿನಲ್ಲಿ ಲಖನ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: “ನಾ ಸುಳ್ಳ ಹೇಳಲಿಲ್ಲ. ಆದ್ರ ನಾ ಹೇಳಿದ್ದು ಸುಳ್ಳ ಆತು.” ಅವರು ದುಡಿಮೆಗಾರರು, ಮಾತುಗಾರರಲ್ಲ. ಅಂಥವರ ಅರ್ಧ ವಾಕ್ಯವನ್ನು ಕತ್ತರಿಸಿ ನಿಮ್ಮ ಅಂಗಿಯ ಮೇಲೆ ಪದಕದಂತೆ ಸಿಕ್ಕಿಸಿಕೊಂಡಿರಲ್ಲ, ಬೆಳೆ ಕೊಂದದ್ದಕ್ಕಿಂತ ನನಗೆ ಅಸಹ್ಯವಾದದ್ದು ಅದು.

ಈಗ ನಿಮ್ಮ ಕರಪತ್ರ ನಮ್ಮೂರ ಚಹದಂಗಡಿಯಲ್ಲೂ ಇದೆ. ಡಿಜಿಟಲ್ ಸಲಹೆಯಿಂದ ಲಖನ ಕಬ್ಬಿನ ಇಳುವರಿ ಹೆಚ್ಚಿಸಿಕೊಂಡರಂತೆ. ಸ್ವಾಮೀ, ಆ ಕಬ್ಬು ಇನ್ನೂ ಹೊಲದಲ್ಲಿ ನಿಂತಿದೆ. ಕಡಿಯಲು ಒಂದು ವರ್ಷ ಬೇಕು. ಕಡಿಯದ ಕಬ್ಬನ್ನು ನೀವು ಯಾವ ತಕ್ಕಡಿಯಲ್ಲಿ ತೂಗಿದಿರಿ? ಮಗ್ಗದ ಗೆಳೆಯರು ಲಖನರನ್ನು “ಡಿಜಿಟಲ್ ಸಾಹುಕಾರ” ಎಂದು ಕರೆಯುತ್ತಾರೆ. ಅವರು ನಗುತ್ತಾರೆ, ಆದರೆ ಆ ಚಹದಂಗಡಿಗೆ ಹೋಗುವುದನ್ನು ಬಿಟ್ಟಿದ್ದಾರೆ.

ನಾನು ಮೊಬೈಲಿನ ವೈರಿಯಲ್ಲ. ಫೋನಿನಲ್ಲಿ ಒಳ್ಳೆಯ ಸಲಹೆ ಸಿಗುವುದಾದರೆ ನನ್ನಂಥವಳಿಗಿಂತ ಹೆಚ್ಚು ಯಾರಿಗೆ ಬೇಕು? ರೈತ ಸಂಪರ್ಕ ಕೇಂದ್ರಕ್ಕೆ ಅಲೆಯಲು ನನಗೆ ಪುರುಸೊತ್ತಿಲ್ಲ. ಆದರೆ ಕೇಳಿದವಳಿಗೆ ಉತ್ತರ ಕೊಡದೆ, ಕೇಳದವನಿಗೆ ಔಷಧ ಹೇಳುವುದು ಯಾವ ಶಾಸ್ತ್ರ? ಆ ಕರಪತ್ರವನ್ನು ಹಿಂಪಡೆಯಿರಿ. ಲಖನ ಹೇಳಲಿದ್ದ ಉಳಿದರ್ಧ ಮಾತನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಹಂಚಿರಿ. ಒಂದು ಹೊಲದಲ್ಲಿ ಎರಡು ಬೆಳೆ ಬರೆಯಲು, ಹೊಲ ಮಾಡುವವಳ ಹೆಸರು ಬರೆಯಲು ನಿಮ್ಮ ಕಂಪ್ಯೂಟರಿಗೆ ಕಲಿಸಿರಿ. ಈ ಕಬ್ಬು ಕಡಿದು, ಮತ್ತೆ ಹೊಸದಾಗಿ ಹಚ್ಚಿ, ಆ ಸಾಲುಗಳಲ್ಲಿ ನಾನು ಸೋಯಾ ಬಿತ್ತುವ ಹೊತ್ತಿಗೆ ಎರಡು ವರ್ಷವಾಗುತ್ತದೆ. ಅಷ್ಟು ಕಾಲಾವಕಾಶ ನಿಮಗುಂಟು. ಅಂದು ಕಸ ಎದ್ದಾಗ ನಾನು ಮತ್ತೆ ಅದೇ ನಂಬರಿಗೆ ಕರೆ ಮಾಡುತ್ತೇನೆ. ಫೋನು ಎತ್ತಿದವರು ನನ್ನ ಮಾತನ್ನು ಕೊನೆಯವರೆಗೆ ಕೇಳಬೇಕು.

ಇಂತಿ,
ನಿಮ್ಮ ಯಾವ ಯಾದಿಯಲ್ಲೂ ಸಿಗದ, ಹೊಲಕ್ಕೆ ಬಂದರೆ ಖಂಡಿತ ಸಿಗುವ
ಕಾಂಚನ
ಬೋರಗಾಂವ